ಬದುವಿನ ಮೇಲೆ ಮರ

ನಾವು ಬಯಲುಸೀಮೆಯ ಹೆಂಗಸರು. ಮಳೆ ನಂಬಿ ಬಾಳುವವರು. ರಾಗಿ ಬಿತ್ತುತ್ತೇವೆ. ಅಕ್ಕಡಿ ಸಾಲಿಗೆ ಅವರೆ, ತೊಗರಿ ಹಾಕುತ್ತೇವೆ. ಮಳೆ ಬಂದರೆ ಊಟ. ಬಾರದಿದ್ದರೆ ಕೂಲಿ.

ಮಳೆ ಬಂದರೂ ಒಂದು ಕಷ್ಟ. ಒಂದೇ ಜೋರು ಮಳೆಗೆ ಮೇಲ್ಮಣ್ಣು ಕೊಚ್ಚಿ ಹಳ್ಳ ಸೇರುತ್ತದೆ. ಹೊಲದಲ್ಲಿ ಕಲ್ಲು ಉಳಿಯುತ್ತದೆ. ಸೌದೆಗೆ ದೂರ ನಡೆಯಬೇಕು. ಬೇಸಿಗೆಯಲ್ಲಿ ಆಡಿಗೆ ಸೊಪ್ಪಿಲ್ಲ.

ಮಣ್ಣು, ಸೌದೆ, ಸೊಪ್ಪು. ಈ ಮೂರಕ್ಕೂ ಒಂದು ದಾರಿ ಇದೆ. ಹೊಲದಲ್ಲೇ ಬೆಳೆಯ ಜೊತೆ ಮರ ಬೆಳೆಸುವುದು. ಇದಕ್ಕೆ ಕೃಷಿ ಅರಣ್ಯ ಎನ್ನುತ್ತಾರೆ.

ಹೆಸರು ಹೊಸದು, ಕೆಲಸ ಹಳೆಯದು. ನಮ್ಮ ಹಿರಿಯರು ರಾಗಿ ಹೊಲದಲ್ಲಿ ಹೊಂಗೆ, ಹುಣಸೆ, ಹಲಸು ಉಳಿಸಿಕೊಂಡಿದ್ದರು. ಭಾರತ ಸರ್ಕಾರ 2014ರಲ್ಲಿ ಕೃಷಿ ಅರಣ್ಯಕ್ಕೆಂದೇ ಒಂದು ರಾಷ್ಟ್ರೀಯ ನೀತಿ ತಂದಿತು.

ಇದನ್ನು ಕೇಳಿ ಬಂದರೆ ಸಾಲದು. ದಡದಲ್ಲಿ ಕೂತರೆ ಈಜು ಬರುತ್ತದೆಯೇ? ಕೈಯಾರೆ ಮಾಡಿ ಕಲಿಯಬೇಕು. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ರೈತರಿಗೆ ತರಬೇತಿ ಕೊಡುತ್ತಾರೆ. ಹೆಂಗಸರೂ ಹೋಗಬಹುದು. ಬನ್ನಿ, ಮೂರು ಕೆಲಸ ಕಲಿಯೋಣ.

1. ಮಟ್ಟ ನೋಡುವುದು

ಒಂದೇ ಉದ್ದದ ಎರಡು ಗಳ ತೆಗೆದುಕೊಳ್ಳಿ. ಆಳುದ್ದಕ್ಕಿಂತ ತುಸು ಹೆಚ್ಚಿರಲಿ. ಮೇಲಿನ ತುದಿ ಸೇರಿಸಿ ಕಟ್ಟಿ. ಕೆಳಗೆ ಕಾಲು ಅಗಲಿಸಿ. ನಡುವೆ ಅಡ್ಡಕೋಲು ಕಟ್ಟಿ. ಮೇಲಿನಿಂದ ದಾರ ಇಳಿಬಿಟ್ಟು ಕಲ್ಲು ಕಟ್ಟಿ. ಕಲ್ಲು ಅಡ್ಡಕೋಲಿಗಿಂತ ಕೆಳಗೆ ತೂಗಲಿ.

ಈ ಚೌಕಟ್ಟನ್ನು ನೆಲದ ಮೇಲೆ ನಿಲ್ಲಿಸಿ. ಕಾಲು ಊರಿದ ಎರಡು ಜಾಗಕ್ಕೂ ಗುರುತು ಹಾಕಿ. ದಾರ ಅಡ್ಡಕೋಲನ್ನು ಮುಟ್ಟುವ ಕಡೆ ಗೆರೆ ಎಳೆಯಿರಿ. ಈಗ ಕಾಲು ಅದಲು ಬದಲು ಮಾಡಿ, ಅದೇ ಗುರುತುಗಳ ಮೇಲೆ ನಿಲ್ಲಿಸಿ. ಇನ್ನೊಂದು ಗೆರೆ ಎಳೆಯಿರಿ. ಎರಡು ಗೆರೆಗಳ ನಟ್ಟನಡುವೆ ಮಟ್ಟದ ಗುರುತು.

ಇನ್ನು ಹೊಲಕ್ಕೆ ಹೋಗೋಣ. ಒಂದು ಕಾಲು ಊರಿ. ಇನ್ನೊಂದನ್ನು ಇಳಿಜಾರಿನಲ್ಲಿ ಮೇಲೆ ಕೆಳಗೆ ಸರಿಸಿ. ದಾರ ಮಟ್ಟದ ಗುರುತಿಗೆ ಬಂದರೆ ಎರಡು ಕಾಲೂ ಒಂದೇ ಮಟ್ಟದಲ್ಲಿವೆ. ಅಲ್ಲಿ ಗೂಟ ಹೊಡೆಯಿರಿ. ಹೀಗೇ ಇಳಿಜಾರಿಗೆ ಅಡ್ಡಲಾಗಿ ನಡೆಯಿರಿ. ಗೂಟದ ಸಾಲು ಸೊಟ್ಟಗಾದರೆ ಆಗಲಿ. ನೆಲ ಹೇಗಿದೆಯೋ ಗೆರೆ ಹಾಗೆ. ಈ ಗೆರೆಯ ಮೇಲೆ ಬದು ಹಾಕಿದರೆ ನೀರು ನಿಂತು ಇಂಗುತ್ತದೆ. ಮಣ್ಣು ಹೊಲದಲ್ಲೇ ಉಳಿಯುತ್ತದೆ. ಮರದ ಬೇರು ಬದುವನ್ನು ಹಿಡಿದಿಡುತ್ತದೆ.

2. ಸಸಿ ನೆಡುವುದು

ಮಳೆಗಾಲಕ್ಕೆ ಮುಂಚೆಯೇ ಗುಂಡಿ ತೆಗೆಯಿರಿ. ಉದ್ದ, ಅಗಲ, ಆಳ ಒಂದೂವರೆ ಅಡಿ. ಮೇಲ್ಮಣ್ಣು ಒಂದು ಕಡೆ, ಕೆಳಮಣ್ಣು ಇನ್ನೊಂದು ಕಡೆ ಹಾಕಿ. ಒಳ್ಳೆ ಮಳೆ ಬಿದ್ದ ಮೇಲೆ ಸಸಿ ನೆಡಿ. ಪ್ಲಾಸ್ಟಿಕ್ ಚೀಲ ಹರಿದು ತೆಗೆಯಿರಿ. ಬೇರಿನ ಮಣ್ಣು ಒಡೆಯದಿರಲಿ. ಮೇಲ್ಮಣ್ಣಿಗೆ ಗೊಬ್ಬರ ಬೆರೆಸಿ ಮೊದಲು ತುಂಬಿ. ಸುತ್ತ ಗಟ್ಟಿಯಾಗಿ ತುಳಿಯಿರಿ.

ಯಾವ ಗಿಡ? ಸೊಪ್ಪಿಗೆ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯ. ಇದು ಕಡ್ಡಿ ನೆಟ್ಟರೂ ಚಿಗುರುತ್ತದೆ. ಸೊಪ್ಪು, ಬೀಜ, ಹಿಂಡಿಗೆ ಹೊಂಗೆ. ಮೇವಿಗೆ ಅಗಸೆ. ಮರದ ದಿಮ್ಮಿಗೆ ಹೆಬ್ಬೇವು. ಹಣ್ಣಿಗೆ ಹುಣಸೆ, ನೇರಳೆ.

3. ಕೊಂಬೆ ಸವರುವುದು

"ಮರದ ನೆರಳಿಗೆ ರಾಗಿ ಸೊರಗೋಲ್ವೇನಕ್ಕ?" ಎಂದು ನೀವು ಕೇಳಬಹುದು. ಹಾಗೇ ಬಿಟ್ಟರೆ ಸೊರಗುತ್ತದೆ. ಅದಕ್ಕೇ ಬಿತ್ತನೆಗೆ ಮುಂಚೆ ಕೆಳಗಿನ ಕೊಂಬೆ ಸವರಬೇಕು. ಮೇಲಿನ ಅರ್ಧ ಸೊಪ್ಪು ಉಳಿಸಬೇಕು. ದಪ್ಪ ಕೊಂಬೆಯಾದರೆ ಮೊದಲು ಅಡಿಯಿಂದ ಕಚ್ಚು ಹಾಕಿ, ಆಮೇಲೆ ಮೇಲಿನಿಂದ ಕಡಿಯಿರಿ. ಆಗ ತೊಗಟೆ ಸೀಳುವುದಿಲ್ಲ. ಸೊಪ್ಪು ಹೊಲಕ್ಕೆ, ಕಡ್ಡಿ ಒಲೆಗೆ.

ಲೆಕ್ಕ ಯಾರ ಕೈಲಿ?

ಕರ್ನಾಟಕ ಅರಣ್ಯ ಇಲಾಖೆ 2011-12ರಲ್ಲಿ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಆರಂಭಿಸಿತು. ಇದರಲ್ಲಿ ಹಣ ನೆಟ್ಟ ಲೆಕ್ಕಕ್ಕಲ್ಲ, ಬದುಕಿ ಉಳಿದ ಗಿಡದ ಲೆಕ್ಕಕ್ಕೆ. ಮೂರು ವರ್ಷ ಗಿಡ ಎಣಿಸಿ ಕೊಡುತ್ತಾರೆ. ಈ ವರ್ಷದ ದರ ಎಷ್ಟು, ಯಾವ ಕಾಗದ ಬೇಕು ಎಂದು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ.

ಯೋಚನೆ ಮಾಡೋಣ. ಬೇಸಿಗೆಯಲ್ಲಿ ಕೊಡ ಹೊತ್ತು ಗಿಡ ಉಳಿಸುವವರು ಯಾರು? ದನ ತಿನ್ನದ ಹಾಗೆ ಮುಳ್ಳು ಕಟ್ಟುವವರು ಯಾರು? ಬಹಳ ಮನೆಗಳಲ್ಲಿ ನಾವೇ. ಆದರೆ ಪಹಣಿಯಲ್ಲಿ ಯಾರ ಹೆಸರಿದೆ? ಮರ ಮಾರುವ ದಿನ ನಮ್ಮನ್ನು ಯಾರು ಕೇಳುತ್ತಾರೆ? ಈ ಮಾತು ಗಿಡ ನೆಡುವ ಮುಂಚೆಯೇ ಮನೆಯಲ್ಲಿ ಆಗಬೇಕು. ಯಾವ ಮರ ಸೌದೆಗೆ, ಯಾವುದು ಮಾರಲು, ಬಂದ ಹಣ ಯಾರ ಖಾತೆಗೆ ಎಂದು ಕೂತು ಮಾತಾಡಿ. ಆದದ್ದನ್ನು ಬರೆದಿಡಿ.

ಮರ ಕಡಿಯುವ ಮುಂಚೆಯೂ ವಿಚಾರಿಸಿ. 1976ರ ಮರಗಳ ಸಂರಕ್ಷಣಾ ಕಾಯ್ದೆಯಂತೆ ಕೆಲವು ಜಾತಿಗೆ ಅನುಮತಿ ಬೇಕು. ಕೆಲವಕ್ಕೆ ಬೇಡ.

ನಾವು ಈಗ ಅಕ್ಷರ ಕಲಿತಿದ್ದೇವೆ. ಗಿಡದ ಲೆಕ್ಕ ನಮ್ಮ ಪುಸ್ತಕದಲ್ಲೇ ಇರಲಿ.

ಮಾಡಿ ನೋಡಿ
1. ನಿಮ್ಮ ಹೊಲದ ಪಹಣಿ ತನ್ನಿ. ಎಲ್ಲರೂ ಕೂಡಿ ಓದಿ. ಯಾರ ಹೆಸರಿದೆ?
2. ಮೂರು ಕೋಲು, ದಾರ, ಕಲ್ಲು ತಂದು ಚೌಕಟ್ಟು ಕಟ್ಟಿ. ಊರ ಇಳಿಜಾರಿನಲ್ಲಿ ಐದು ಗೂಟ ಹೊಡೆಯಿರಿ.
3. ನಿಮ್ಮ ಮನೆಗೆ ಬೇಕಾದ ಮೂರು ಮರಗಳ ಹೆಸರು ಬರೆಯಿರಿ. ಯಾಕೆ ಬೇಕು? ಪಕ್ಕದಲ್ಲಿ ಬರೆಯಿರಿ.