ಬ್ಯಾಟರಿ ಬದಲಿಸುವ ಮುನ್ನ ಅರ್ತ್ ನೋಡಿ

ಹೊಸ ಬ್ಯಾಟರಿ ಹಾಕಿಸಿ ವರ್ಷ ತುಂಬಿರುವುದಿಲ್ಲ. ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್ ತಿಣುಕುತ್ತದೆ. ರಾತ್ರಿ ಹೆಡ್‌ಲೈಟ್ ಜೊತೆ ಬ್ಲೋವರ್ ಹಾಕಿದರೆ ಬೆಳಕು ಮಂಕಾಗುತ್ತದೆ. ಗ್ಯಾರೇಜಿನಲ್ಲಿ ‘ಡೈನಮೋ ಬಿಚ್ಚಬೇಕು’ ಎನ್ನುತ್ತಾರೆ. ಬಿಚ್ಚಿಸಿ, ರಿಪೇರಿ ಮಾಡಿಸಿ, ದುಡ್ಡು ಕೊಟ್ಟು ಬಂದ ಮೇಲೂ ಕಾಟ ಹಾಗೇ ಉಳಿಯುವುದುಂಟು. ಹಳೆಯ ಕಾರುಗಳಲ್ಲಿ, ಅದರಲ್ಲೂ ಉಪ್ಪುಗಾಳಿ ಮತ್ತು ಜಡಿಮಳೆಯಲ್ಲಿ ಓಡುವ ಕರಾವಳಿಯ ಕಾರುಗಳಲ್ಲಿ, ಇದಕ್ಕೆ ಕಾರಣ ಎಷ್ಟೋ ಸಲ ಬ್ಯಾಟರಿಯೂ ಅಲ್ಲ, ಗ್ಯಾರೇಜಿನವರು ಡೈನಮೋ ಎನ್ನುವ ಆಲ್ಟರ್ನೇಟರೂ ಅಲ್ಲ. ಎರಡರ ನಡುವಿನ ಅರ್ತ್ ಕೆಟ್ಟಿರುತ್ತದೆ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಇದನ್ನು ಮನೆಯಂಗಳದಲ್ಲೇ ಪತ್ತೆ ಮಾಡಬಹುದು.

ಆಲ್ಟರ್ನೇಟರಿನ ಹಿಂಬದಿ ನೋಡಿದರೆ ದಪ್ಪ ವೈರ್ ಸಾಮಾನ್ಯವಾಗಿ ಒಂದೇ ಇರುತ್ತದೆ. ಅದು ಬಿ ಪ್ಲಸ್, ಬ್ಯಾಟರಿಯ ಪಾಸಿಟಿವ್ ಕಡೆಗೆ ಹೋಗುವಂಥದ್ದು. ನೆಗೆಟಿವ್‌ಗೆ ಬಹುತೇಕ ಕಾರುಗಳಲ್ಲಿ ಬೇರೆ ವೈರ್ ಇಲ್ಲ. ಆಲ್ಟರ್ನೇಟರಿನ ಅಲ್ಯೂಮಿನಿಯಂ ಮೈಯೇ ನೆಗೆಟಿವ್. ಹಾಗಾಗಿ ಬ್ಯಾಟರಿ ತಲುಪಿದ ಕರೆಂಟ್ ವಾಪಸಾಗಲು ನೆಗೆಟಿವ್ ಕೇಬಲ್, ಬಾಡಿ, ಬಾಡಿಯಿಂದ ಎಂಜಿನ್ನಿಗೆ ಕಟ್ಟಿದ ಹೆಣೆದ ತಾಮ್ರದ ಪಟ್ಟಿ, ಎಂಜಿನ್ ಬ್ಲಾಕ್, ಬ್ರಾಕೆಟ್, ಬೋಲ್ಟ್, ಇಷ್ಟನ್ನೂ ದಾಟಬೇಕು. ಈ ದಾರಿಯೇ ಅರ್ತ್. ಕೆಲವು ಕಾರುಗಳಲ್ಲಿ ನೆಗೆಟಿವ್ ಕೇಬಲಿನ ಒಂದು ಕವಲು ನೇರವಾಗಿ ಗೇರ್‌ಬಾಕ್ಸಿಗೆ ಹೋಗುತ್ತದೆ. ಎಂಜಿನ್ ಕೂತಿರುವುದು ಕರೆಂಟ್ ದಾಟಿಸದ ರಬ್ಬರ್ ಮೌಂಟಿಂಗ್ ಮೇಲೆ. ಆ ಪಟ್ಟಿಯೋ ಕವಲೋ ತುಂಡಾದರೆ ಕರೆಂಟು ಸಿಕ್ಕ ದಾರಿ ಹಿಡಿಯುತ್ತದೆ. ಹಳೆಯ ಗಾಡಿಗಳಲ್ಲಿ ಸೆಲ್ಫ್ ಹೊಡೆದಾಗ ಕ್ಲಚ್ ಕೇಬಲ್ಲೋ ಆಕ್ಸಿಲರೇಟರ್ ಕೇಬಲ್ಲೋ ಬಿಸಿಯಾದರೆ ಮೊದಲು ಅನುಮಾನ ಪಡಬೇಕಾದದ್ದು ಈ ಪಟ್ಟಿಯನ್ನೇ. ಕ್ಲಚ್ ಅಥವಾ ಗೇರ್‌ಬಾಕ್ಸ್ ಕೆಲಸ ಮುಗಿದ ಮೇಲೆ ಪಟ್ಟಿಯನ್ನು ಮರಳಿ ಬಿಗಿಯದೆ ಬಿಟ್ಟಿರುವುದೂ ಉಂಟು.

ಒಂದು ಲೆಕ್ಕ ಹಾಕಿ ನೋಡಿ. ಅರ್ತ್ ದಾರಿಯಲ್ಲಿ ಬರೀ 0.01 ಓಮ್ ತಡೆಯಿದೆ ಎನ್ನಿ. 60 ಆಂಪಿಯರ್ ಹರಿಯುವಾಗ ಅಲ್ಲೇ 0.6 ವೋಲ್ಟ್ ಸೋರಿಹೋಗುತ್ತದೆ, ಜೊತೆಗೆ 36 ವಾಟ್ ಶಾಖ. ರೆಗ್ಯುಲೇಟರ್ ಇರುವುದು ಆಲ್ಟರ್ನೇಟರಿನ ಒಳಗೆ. ಅದು ವೋಲ್ಟೇಜ್ ಅಳೆಯುವುದು ತನ್ನ ಮೈಯನ್ನೇ ನೆಗೆಟಿವ್ ಎಂದುಕೊಂಡು. ಅದರ ಪಾಲಿಗೆ 14.2 ವೋಲ್ಟ್ ಸರಿಯಾಗಿಯೇ ಇದೆ. ಬ್ಯಾಟರಿಗೆ ಸಿಗುವುದು ಮಾತ್ರ 13.6. ಪೇಟೆಯೊಳಗೆ ಹತ್ತು ನಿಮಿಷ ಓಡಿಸಿ ನಿಲ್ಲಿಸುವ ಕಾರಿಗೆ ಇಷ್ಟು ಸಾಲದು. ಅರೆಹೊಟ್ಟೆಯಲ್ಲೇ ದಿನ ಕಳೆಯುವ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಅದು ಪೂರ್ತಿ ಚಾರ್ಜ್ ಹಿಡಿಯುವುದೇ ಇಲ್ಲ.

ಅರ್ತಿನ ಈ ತಡೆಯನ್ನು ಓಮ್ ಮೀಟರಿನಲ್ಲಿ ಅಳೆಯಲು ಹೋಗಬೇಡಿ. ಪಟ್ಟಿಯ ನೂರು ಎಳೆಗಳಲ್ಲಿ ಒಂದೇ ಒಂದು ಉಳಿದಿದ್ದರೂ ಮೀಟರ್ ‘ಸೊನ್ನೆ’ ಎಂದೇ ತೋರಿಸುತ್ತದೆ, ಏಕೆಂದರೆ ಅದು ಹರಿಸುವ ಕರೆಂಟ್ ಅತ್ಯಲ್ಪ. ಒಬ್ಬ ದಾಟಬಲ್ಲ ಕಾಲುಸಂಕದ ಮೇಲೆ ಜಾತ್ರೆಯ ಜನವೆಲ್ಲ ದಾಟಲಾರರು. ಎಂಜಿನ್ ಓಡುತ್ತಿರುವಾಗ, ಹೊರೆ ಹಾಕಿ, ವೋಲ್ಟೇಜ್ ಎಷ್ಟು ಸೋರುತ್ತಿದೆ ಎಂದು ನೋಡುವುದೇ ಸರಿಯಾದ ಪರೀಕ್ಷೆ.

ಅಳೆಯುವ ಕ್ರಮ

ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯನ್ನು ಮೊದಲು ಅಳೆಯಿರಿ. 12.6 ವೋಲ್ಟ್ ಆಸುಪಾಸು ಇದ್ದರೆ ತುಂಬಿದೆ; 12.4 ಎಂದರೆ ಮುಕ್ಕಾಲು. 12ಕ್ಕೆ ಇಳಿದಿದ್ದರೆ ಹೊರಗಿನ ಚಾರ್ಜರಿನಿಂದ ತುಂಬಿಸಿಯೇ ಮುಂದುವರಿಯಿರಿ.

ಕೈಯ ಉಂಗುರ, ವಾಚು ತೆಗೆದಿಡಿ. ದುಪಟ್ಟಾ, ಸಡಿಲ ತೋಳು, ಉದ್ದ ಕೂದಲು ಬೆಲ್ಟಿನ ಹತ್ತಿರ ಸುಳಿಯಬಾರದು. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳೆದಿರಲಿ. ಮೀಟರಿನ ಕೆಂಪು ವೈರಿಗೆ ಕ್ರೊಕೊಡೈಲ್ ಕ್ಲಿಪ್ ಸಿಕ್ಕಿಸಿ, ಎಂಜಿನ್ ಆಫ್ ಇರುವಾಗಲೇ ಆಲ್ಟರ್ನೇಟರಿನ ಬರಿಯ ಲೋಹದ ಮೈಗೆ ಕಚ್ಚಿಸಿ. ವೈರ್ ಬೆಲ್ಟಿಗೆ ತಾಗದಂತೆ ಕಟ್ಟಿ. ಕಪ್ಪು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಕಡೆಯ ಸೀಸದ ಕಂಬಕ್ಕೇ ಒತ್ತಬೇಕು, ಕ್ಲಾಂಪಿಗಲ್ಲ. ಕಂಬಕ್ಕೂ ಕ್ಲಾಂಪಿಗೂ ನಡುವೆಯೇ ತೊಂದರೆ ಇರಬಹುದು.

ಮೀಟರನ್ನು ಡಿಸಿ 2 ವೋಲ್ಟಿಗಿಡಿ. ಮನೆಯವರೊಬ್ಬರನ್ನು ಒಳಗೆ ಕೂರಿಸಿ ಎಂಜಿನ್ ಶುರು ಮಾಡಿಸಿ. ಹೈ ಬೀಮ್, ಪೂರ್ತಿ ಬ್ಲೋವರ್, ಹಿಂಗಾಜಿನ ಡಿಫಾಗರ್ ಎಲ್ಲ ಹಾಕಿ ಸುಮಾರು 2000 ಆರ್‌ಪಿಎಂನಲ್ಲಿ ಹಿಡಿದಿರಲು ಹೇಳಿ. ಮೀಟರ್ 0.1 ವೋಲ್ಟ್ ಅಥವಾ ಅದಕ್ಕಿಂತ ಕಡಿಮೆ ತೋರಿದರೆ ಅರ್ತ್ ಚೆನ್ನಾಗಿದೆ. 0.2ರ ತನಕ ನಡೆಯುತ್ತದೆ. ಮೇಲೆ ಹೋದರೆ ತೊಂದರೆ ಇದೆಯೆಂದೇ ಅರ್ಥ.

ಎಲ್ಲಿದೆ ಎನ್ನುವುದನ್ನು ಹುಡುಕಲು ಕಪ್ಪು ಮೊನೆ ಕಂಬದ ಮೇಲೇ ಇರಲಿ. ಕೆಂಪನ್ನು ನೆಗೆಟಿವ್ ಕ್ಲಾಂಪಿಗೆ, ಅಲ್ಲಿಂದ ಬಾಡಿಯ ಅರ್ತ್ ಬೋಲ್ಟಿಗೆ, ಎಂಜಿನ್ ಬ್ಲಾಕಿಗೆ, ಬ್ರಾಕೆಟ್ಟಿಗೆ, ಕೊನೆಗೆ ಆಲ್ಟರ್ನೇಟರಿಗೆ, ಹೀಗೆ ಒಂದೊಂದೇ ಹೆಜ್ಜೆ ಮುಂದಿಡಿ. ಪ್ರತಿ ಸಲ ಎಂಜಿನ್ ನಿಲ್ಲಿಸಿಯೇ ಕ್ಲಿಪ್ ಬದಲಿಸಿ. ಬಾಡಿಯಲ್ಲಿ 0.04 ಇದ್ದದ್ದು ಬ್ಲಾಕಿನಲ್ಲಿ ಇದ್ದಕ್ಕಿದ್ದಂತೆ 0.5ಕ್ಕೆ ಜಿಗಿದರೆ ಅವೆರಡರ ನಡುವಿನ ಪಟ್ಟಿಯೇ ಅಪರಾಧಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಕೇಬಲ್ ಕಿತ್ತು ‘ಡೈನಮೋ ಕೆಲಸ ಮಾಡುತ್ತಿದೆಯಾ’ ಎಂದು ನೋಡುವ ಹಳೇ ಪದ್ಧತಿಗೆ ಯಾರಿಗೂ ಅವಕಾಶ ಕೊಡಬೇಡಿ. ಬ್ಯಾಟರಿ ತಪ್ಪಿದ ಕ್ಷಣ ವೋಲ್ಟೇಜ್ ಹಲವು ಪಟ್ಟು ಚಿಮ್ಮಿ ಆಲ್ಟರ್ನೇಟರಿನ ಡಯೋಡು, ಕಾರಿನ ಕಂಪ್ಯೂಟರ್ ಆದ ಇಸಿಯು ಎರಡೂ ಸುಡಬಹುದು.

ಸ್ವಚ್ಛ ಮಾಡುವುದು

ನೆಗೆಟಿವ್ ಕ್ಲಾಂಪನ್ನು ಮೊದಲು ಬಿಚ್ಚಬೇಕು, ಕೊನೆಗೆ ಹಾಕಬೇಕು. ಪಾಸಿಟಿವ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ, ಬ್ಯಾಟರಿ ಮೇಲೆ ಕಿಡಿಗೆ ಹೊತ್ತಿಕೊಳ್ಳುವ ಹೈಡ್ರೋಜನ್ ಇರುತ್ತದೆ.

ಅರ್ತ್ ಕೇಬಲಿನ ತುದಿಯ ಲಗ್ ಎತ್ತಿ ತಳಭಾಗ ನೋಡಿ. ಡೆಂಟಿಂಗ್ ಪೇಂಟಿಂಗ್ ಆದ ಕಾರಿನಲ್ಲಿ ಬೋಲ್ಟಿನ ಸುತ್ತ ಬಳೆಯಾಕಾರದಲ್ಲಿ ಬಣ್ಣ ಕೂತಿರುತ್ತದೆ. ಲಗ್ ಒತ್ತಿಕೊಂಡಿರುವುದು ಆ ಬಣ್ಣದ ಮೇಲೆ, ಲೋಹದ ಮೇಲಲ್ಲ. ಕರಾವಳಿಯ ಗಾಡಿಯಾದರೆ ಹೆಣೆದ ಪಟ್ಟಿಯ ತುದಿಯನ್ನು ಬೆರಳಿನಿಂದ ಮಡಚಿ ನೋಡಿ. ಹಸಿರು ಪುಡಿ ಉದುರಿ, ಎಳೆಗಳು ಪಟಪಟ ಮುರಿದರೆ ಅದನ್ನು ಉಜ್ಜಿ ಪ್ರಯೋಜನವಿಲ್ಲ, ಬದಲಿಸಿ. ತವರ ಲೇಪಿಸಿದ ತಾಮ್ರದ ಪಟ್ಟಿ ಉಪ್ಪುಗಾಳಿಗೆ ಹೆಚ್ಚು ಕಾಲ ತಾಳುತ್ತದೆ.

ಉಳಿದ ಕಡೆ ಬಣ್ಣ, ತುಕ್ಕು, ಅಲ್ಯೂಮಿನಿಯಂ ಮೇಲಿನ ಬಿಳಿ ಪದರ ಎಲ್ಲವನ್ನೂ ಎಮರಿ ಪೇಪರಿನಿಂದ ಲೋಹ ಹೊಳೆಯುವ ತನಕ ಉಜ್ಜಿ. ಬ್ಯಾಟರಿ ಕಂಬದ ಪುಡಿಗೆ ಅಡುಗೆ ಸೋಡಾ ಬೆರೆಸಿದ ನೀರು ಸಾಕು. ಮುಚ್ಚಳ ತೆರೆದುಕೊಳ್ಳುವ ಬ್ಯಾಟರಿಯಾದರೆ ಆ ನೀರು ಒಳಗೆ ಇಳಿಯಬಾರದು. ಹಲ್ಲುಳ್ಳ ಸ್ಟಾರ್ ವಾಷರ್ ಹಾಕಿ ಬಿಗಿದು, ಬಿಗಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿ.

ಹೆಚ್ಚುವರಿ ವೈರ್ ಬೇಕೇ?

ಸ್ವಚ್ಛ ಮಾಡಿದ ಮೇಲೂ ಸೋರಿಕೆ 0.2 ದಾಟುತ್ತಿದ್ದರೆ ಆಲ್ಟರ್ನೇಟರಿನಿಂದ ಬೇರೆ ಅರ್ತ್ ವೈರ್ ಎಳೆಯುವುದು ಒಳ್ಳೆಯದು. ಒಂದು ಮೀಟರಿನೊಳಗಿನ ಉದ್ದಕ್ಕೆ, 70 ಆಂಪಿಯರ್ ತನಕದ ಆಲ್ಟರ್ನೇಟರಿಗೆ 16 ಚದರ ಮಿಲಿಮೀಟರಿನ ಮೆದು ತಾಮ್ರದ ವೈರ್ ಸಾಕು. 100ರ ಆಸುಪಾಸಿನದಕ್ಕೆ 25 ಇರಲಿ. ಲಗ್ಗನ್ನು ಕ್ರಿಂಪಿಂಗ್ ಟೂಲಿನಲ್ಲಿ ಒತ್ತಿಸಿ, ಸುತ್ತಿಗೆಯಲ್ಲಿ ಜಜ್ಜಿದ್ದು ಸಡಿಲವಾಗುತ್ತದೆ. ಒಂದು ತುದಿ ಆಲ್ಟರ್ನೇಟರಿನ ಅರ್ತ್ ತೂತಿಗೆ, ಅದಿಲ್ಲದಿದ್ದರೆ ಬ್ರಾಕೆಟ್ ಬೋಲ್ಟಿಗೆ. ಇನ್ನೊಂದು ತುದಿ ಬ್ಯಾಟರಿಯ ನೆಗೆಟಿವ್ ಕೇಬಲ್ ಬಾಡಿಗೆ ಸೇರುವ ಜಾಗಕ್ಕೆ. ಎಂಜಿನ್ ಅಲುಗುವುದರಿಂದ ಸ್ವಲ್ಪ ಜೋಲು ಬಿಡಿ. ಸೈಲೆನ್ಸರ್ ಪೈಪು, ಬೆಲ್ಟುಗಳಿಂದ ದೂರವಿರಲಿ. ಬಣ್ಣಬಣ್ಣದ ಅರ್ತಿಂಗ್ ಕಿಟ್‌ಗಳು ಮೈಲೇಜ್ ಹೆಚ್ಚಿಸುತ್ತವೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ: ಸೋರಿಕೆ 0.05 ಇರುವ ಕಾರಿಗೆ ಇನ್ನೊಂದು ವೈರಿನಿಂದ ಆಗಬೇಕಾದ್ದೇನೂ ಇಲ್ಲ.

ಹೊಸ ಕಾರುಗಳಲ್ಲಿ ಎಚ್ಚರ ಬೇಕು. ನೆಗೆಟಿವ್ ಕ್ಲಾಂಪಿನಲ್ಲೇ ಸಣ್ಣ ಸೆನ್ಸರ್ ಇದ್ದರೆ ಹೆಚ್ಚುವರಿ ವೈರನ್ನು ಕಂಬಕ್ಕೆ ಕಟ್ಟಲೇಬಾರದು, ಸೆನ್ಸರಿನ ಲೆಕ್ಕ ತಪ್ಪುತ್ತದೆ. ಇಸಿಯು ಹಿಡಿತದ ಆಲ್ಟರ್ನೇಟರುಗಳು ಪರಿಸ್ಥಿತಿ ನೋಡಿ ಚಾರ್ಜಿಂಗ್ ಇಳಿಸಿ ಏರಿಸುವುದರಿಂದ, ಒಮ್ಮೆ 12.8 ಕಂಡ ಮಾತ್ರಕ್ಕೆ ಕೆಟ್ಟಿದೆ ಎನ್ನಬೇಡಿ. ಹೈಬ್ರಿಡ್ ಕಾರಿನ ಕಿತ್ತಳೆ ಬಣ್ಣದ ಕೇಬಲ್ಲುಗಳನ್ನು ಮುಟ್ಟಲೇಬಾರದು.

ಅರ್ತ್ ಸರಿಯಿದ್ದೂ ಬ್ಯಾಟರಿ ಇಳಿಯುತ್ತಿದ್ದರೆ ಅದೇ ಹೊರೆಯಲ್ಲಿ ಬಿ ಪ್ಲಸ್‌ನಿಂದ ಪಾಸಿಟಿವ್ ಕಂಬದವರೆಗೆ ಅಳೆಯಿರಿ, 0.3 ವೋಲ್ಟ್ ಮೀರಬಾರದು. ಆಮೇಲೆ ಬೆಲ್ಟಿನ ಬಿಗಿ ನೋಡಿ. ಮೀಟರನ್ನು ಎಸಿಗೆ ತಿರುಗಿಸಿ ಬ್ಯಾಟರಿಗೆ ಹಿಡಿದಾಗ 0.5 ವೋಲ್ಟಿಗಿಂತ ಹೆಚ್ಚು ತೋರಿದರೆ ಡಯೋಡ್ ಹೋಗಿರುವ ಸಾಧ್ಯತೆ ಹೆಚ್ಚು. ಆಗ ಆಲ್ಟರ್ನೇಟರ್ ಬಿಚ್ಚಿಸಿ. ರಿಪೇರಿಯಾದದ್ದಕ್ಕೆ ಬೆಳ್ಳಿ ಬಣ್ಣ ಹೊಡೆದು ಕೊಡುವವರಿದ್ದಾರೆ. ಬ್ರಾಕೆಟ್ಟಿಗೆ ಕೂರುವ ಕಿವಿಗಳ ಮೇಲೆ ಬಣ್ಣ ಬೀಳದಂತೆ ಮೊದಲೇ ಹೇಳಿಡಿ, ಬಿದ್ದಿದ್ದರೆ ಕೂರಿಸುವ ಮುನ್ನ ಉಜ್ಜಿಸಿ.