ಕಸೂತಿ ಯಂತ್ರದಲ್ಲಿ ಒಂದು ಕುಣಿಕೆಯ ಆಯುಸ್ಸು

ಬಳ್ಳಾರಿ ಜಿಲ್ಲೆಗೆ ಸೂಜಿಕೆಲಸವು ಹೊಸದಲ್ಲ. ಸಂಡೂರಿನ ಲಂಬಾಣಿ ಸ್ತ್ರೀಯರ ಕಸೂತಿಯು ಭೌಗೋಳಿಕ ಸೂಚಿಯ ಮನ್ನಣೆಯನ್ನು ಪಡೆದಿದೆ. ಬಳ್ಳಾರಿ ನಗರವಾದರೋ ಜೀನ್ಸ್ ಉಡುಪುಗಳ ಹೊಲಿಗೆಗೆ ಹೆಸರಾದುದು. ಆ ಉಡುಪುಗಳ ಜೇಬಿನ ಮೇಲೆ ಕಾಣುವ ಹೂಬಳ್ಳಿಗಳನ್ನು ಬಿಡಿಸುವುದು ಕೈಯಲ್ಲ, ಯಂತ್ರ. ಸಿರಿಗೇರಿಯ ಕಡೆಯಿಂದ ನಮ್ಮ ತರಗತಿಗೆ ಬರುವ ವಿದ್ಯಾರ್ಥಿಯೊಬ್ಬನು ಸಂಜೆಯ ಹೊತ್ತು ಇಂಥದೊಂದು ಯಂತ್ರದ ಬಳಿ ದುಡಿಯುತ್ತಾನೆ. ಅವನು ನಮ್ಮನ್ನು ಕೇಳಿದ ಪ್ರಶ್ನೆ ಇದು: "ಸಾರ್, ನಿನ್ನೆ ಚೆನ್ನಾಗಿ ಓಡಿದ ಮಷಿನ್ನು ಇವತ್ತು ದಾರ ಹರೀತೈತಿ, ಹೊಲಿಗಿ ಬಿಡತೈತಿ. ಸೂಜಿ ಅದೇ, ದಾರ ಅದೇ. ಯಾಕ್ರೀ?"

ಪ್ರಶ್ನೆಯು ಸಣ್ಣದಲ್ಲ. ಯಂತ್ರಕಸೂತಿಯ ಮಜೂರಿಯನ್ನು ಸಾಮಾನ್ಯವಾಗಿ ಸಾವಿರ ಹೊಲಿಗೆಗೆ ಇಷ್ಟೆಂದು ಗೊತ್ತುಮಾಡುತ್ತಾರೆ. ನಿಮಿಷಕ್ಕೆ 900 ಹೊಲಿಗೆ ಹಾಕುವ ಯಂತ್ರವು ಇಪ್ಪತ್ತು ನಿಮಿಷ ನಿಂತರೆ 18,000 ಹೊಲಿಗೆಗಳ ದುಡಿಮೆ ಹೋಯಿತು. ಬಟ್ಟೆ ಕೆಟ್ಟರೆ ಅದರ ಬೆಲೆಯೂ ತಲೆಯ ಮೇಲೆ ಬೀಳುತ್ತದೆ. ಸಾಲ ಮಾಡಿ ಯಂತ್ರ ಕೊಂಡವನಿಗೆ ಇದರ ಅರ್ಥವೇನೆಂಬುದನ್ನು ನಾವು ವಿವರಿಸಬೇಕಾಗಿಲ್ಲ. ಆದುದರಿಂದ ದಾರವು ಏಕೆ ಹರಿಯುತ್ತದೆ, ಹೊಲಿಗೆ ಏಕೆ ತಪ್ಪುತ್ತದೆ ಎಂಬುದನ್ನು ಭೌತಶಾಸ್ತ್ರದ ದೃಷ್ಟಿಯಿಂದ ವಿಚಾರಿಸೋಣ.

ಯಂತ್ರದ ಹೊಲಿಗೆಗೆ ಎರಡು ದಾರಗಳು ಬೇಕು. ಒಂದು ಸೂಜಿಯ ಕಣ್ಣಿನಲ್ಲಿ ಪೋಣಿಸಿದ್ದು. ಇನ್ನೊಂದು ಕೆಳಗಿನ ಬಾಬಿನ್ನಿನಲ್ಲಿ ಸುತ್ತಿದ್ದು. ಸೂಜಿಯು ಬಟ್ಟೆಯನ್ನು ತೂರಿ ಕೆಳಗಿಳಿದು, ಮತ್ತೆ ಮೇಲೇಳತೊಡಗಿದಾಗ ದಾರವು ಅದರ ಪಕ್ಕದಲ್ಲಿ ಒಂದು ಕುಣಿಕೆಯಾಗಿ ಉಬ್ಬುತ್ತದೆ. ಸುತ್ತುತ್ತಿರುವ ಹುಕ್ಕಿನ ಮೊನೆಯು ಆ ಕುಣಿಕೆಯೊಳಗೆ ಹೊಕ್ಕು, ಅದನ್ನು ಬಾಬಿನ್ನಿನ ಸುತ್ತ ಹಾಯಿಸುತ್ತದೆ. ಎರಡು ದಾರಗಳೂ ತೊಡಕಿಕೊಂಡು ಹೊಲಿಗೆಯಾಗುತ್ತದೆ. ಹೀಗೆ ಸುತ್ತುವ ಹುಕ್ಕಿಗೆ ಅಮೆರಿಕದ ಅಲೆನ್ ವಿಲ್ಸನ್ ಎಂಬಾತನು 1851ರಲ್ಲಿ ಪೇಟೆಂಟ್ ಪಡೆದನು. ಇಂದಿನ ಗಣಕಚಾಲಿತ ಯಂತ್ರಗಳಲ್ಲೂ ತತ್ತ್ವ ಅದೇ.

ಕುಣಿಕೆಯು ಏಕೆ ಉಬ್ಬಬೇಕು? ಸೂಜಿಯನ್ನು ಬೆಳಕಿಗೆ ಹಿಡಿದು ನೋಡಿರಿ. ಮುಂಭಾಗದಲ್ಲಿ ಉದ್ದನೆಯ ಕಾಲುವೆಯೊಂದಿದೆ. ಹಿಂಭಾಗದಲ್ಲಿ ಕಣ್ಣಿನ ಮೇಲುಗಡೆ ಸ್ವಲ್ಪ ತಗ್ಗು ಇದೆ. ಮುಂದಿನ ದಾರವು ಕಾಲುವೆಯಲ್ಲಿ ಅಡಗಿರುವುದರಿಂದ ಬಟ್ಟೆಗೆ ಹೆಚ್ಚಾಗಿ ಉಜ್ಜದೆ ಸೂಜಿಯ ಜೊತೆಗೇ ಏರುತ್ತದೆ. ಹಿಂದಿನ ದಾರಕ್ಕೆ ಆ ರಕ್ಷಣೆಯಿಲ್ಲ. ಸೂಜಿಗೂ ಬಟ್ಟೆಗೂ ನಡುವೆ ಸಿಕ್ಕಿ ಘರ್ಷಣೆಯಿಂದ ಹಿಂದೆ ಉಳಿಯುತ್ತದೆ. ಸೂಜಿ ಏರಿದೆ, ದಾರ ಏರಿಲ್ಲ. ಹೆಚ್ಚಾದ ಉದ್ದವು ಹೊರಕ್ಕೆ ಬಾಗಲೇಬೇಕಷ್ಟೆ. ಘರ್ಷಣೆಯನ್ನು ಶತ್ರುವೆಂದು ದೂರುವುದು ನಮ್ಮ ವಾಡಿಕೆ. ಇಲ್ಲಿ ಅದಿಲ್ಲದಿದ್ದರೆ ಒಂದು ಹೊಲಿಗೆಯೂ ಬೀಳದು.

ಫ್ರೇಮಿನಲ್ಲಿ ಬಟ್ಟೆಯನ್ನು ಸಡಿಲವಾಗಿ ಬಿಗಿದರೆ ಹೊಲಿಗೆ ತಪ್ಪುವುದೂ ಇದೇ ಕಾರಣದಿಂದ. ಸಡಿಲ ಬಟ್ಟೆಯು ಸೂಜಿಯೊಡನೆ ತಾನೂ ಮೇಲೇಳುತ್ತದೆ, ದಾರ ಹಿಂದೆ ಉಳಿಯುವುದಿಲ್ಲ, ಕುಣಿಕೆ ಹುಟ್ಟುವುದಿಲ್ಲ. ಇಂಥಲ್ಲಿ ಹುಕ್ಕಿನ ಸ್ಕ್ರೂಗಳನ್ನು ತಿರುಗಿಸುವುದು ಜ್ವರಕ್ಕೆ ಕನ್ನಡಕ ಕೊಟ್ಟಂತೆ.

ಇನ್ನು ಕಾಲದ ಲೆಕ್ಕಕ್ಕೆ ಬರೋಣ. ನಿಮಿಷಕ್ಕೆ 900 ಎಂದರೆ ಸೆಕೆಂಡಿಗೆ 15 ಹೊಲಿಗೆ. ಮುಖ್ಯ ದಂಡದ ಒಂದು ಸುತ್ತಿಗೆ, ಅಂದರೆ 360 ಅಂಶಗಳಿಗೆ, ಸೆಕೆಂಡಿನ ಹದಿನೈದನೆಯ ಒಂದು ಭಾಗ. ಸೂಜಿಯ ಏರಿಳಿತವು ಒಟ್ಟು 30 ಮಿ.ಮೀ. ಇದ್ದು, ಅದು ಸರಳ ಸಂಗತ ಚಲನೆಯನ್ನು ಹೋಲುತ್ತದೆ ಎಂದಿಟ್ಟುಕೊಳ್ಳೋಣ. ಆಗ ತೀರ ಕೆಳಗಿನ ಬಿಂದುವಿನಿಂದ ದಂಡವು θ ಅಂಶ ತಿರುಗಿದಾಗ ಸೂಜಿ ಏರಿದ ಎತ್ತರ 15(1 − ಕೊಸೈನ್ θ) ಮಿ.ಮೀ. ಹುಕ್ಕಿನ ಮೊನೆಯು ಸೂಜಿಯನ್ನು ಸಂಧಿಸಬೇಕಾದುದು ಸೂಜಿ ಸುಮಾರು 2 ಮಿ.ಮೀ. ಏರಿದಾಗ. ಲೆಕ್ಕ ಹಾಕಿದರೆ ಇದು 30 ಅಂಶಗಳಾಗುತ್ತದೆ. ಕಾಲ ಸೆಕೆಂಡಿನ ಸಾವಿರದ ಐದೂವರೆ ಭಾಗ. ಕುಣಿಕೆಯು ಹುಟ್ಟಿ, ಬೆಳೆದು, ಹುಕ್ಕಿನ ಕೈಗೆ ಸಿಕ್ಕಬೇಕಾದುದು ಇಷ್ಟರೊಳಗೆ!

ಹೊಂದಿಕೆಯು 5 ಅಂಶ ತಪ್ಪಿತೆನ್ನಿ. 25 ಅಂಶಕ್ಕೆ ಸೂಜಿ ಏರಿರುವುದು 1.4 ಮಿ.ಮೀ. ಮಾತ್ರ, ಕುಣಿಕೆ ಇನ್ನೂ ಕಿರಿದು, ಮೊನೆಯು ಅದನ್ನು ತಪ್ಪಿಸಿಕೊಂಡು ಹೋಗುತ್ತದೆ. 35 ಅಂಶಕ್ಕೆ 2.7 ಮಿ.ಮೀ.; ಕುಣಿಕೆ ದೊಡ್ಡದಾಗಿ ಓರೆಯಾಗಿ ಬೀಳಬಹುದು, ಮೊನೆಯು ದಾರದ ಎಳೆಗಳ ನಡುವೆ ಹೊಕ್ಕು ಸೀಳಬಹುದು. ಕಾರ್ಮಿಕರು 'ಟೈಮಿಂಗ್' ಎಂದು ಕರೆಯುವುದು ಇದನ್ನೇ. ಅನೇಕ ಯಂತ್ರಗಳಲ್ಲಿ ಮುಖ್ಯ ದಂಡಕ್ಕೆ ಅಂಶಗಳನ್ನು ಕೊರೆದ ಬಿಲ್ಲೆಯೊಂದು ಇರುತ್ತದೆ. ಯಾವ ಅಂಶದಲ್ಲಿ ಮೊನೆಯು ಸೂಜಿಯ ಮಧ್ಯಕ್ಕೆ ಬರಬೇಕೆಂಬುದನ್ನು ತಯಾರಕರ ಕೈಪಿಡಿ ಹೇಳುತ್ತದೆ. ವಿದ್ಯುತ್ತನ್ನು ಪೂರ್ಣವಾಗಿ ಕಡಿದು, ಸೂಜಿತಟ್ಟೆಯನ್ನು ತೆಗೆದು, ದಂಡವನ್ನು ಕೈಯಿಂದಲೇ ಆ ಅಂಶಕ್ಕೆ ತಿರುಗಿಸಿ, ಹುಕ್ಕಿನ ಸ್ಕ್ರೂಗಳನ್ನು ಸಡಿಲಿಸಿ ಹೊಂದಿಸಬೇಕು. ವಿದ್ಯುತ್ತನ್ನು ಕಡಿಯದೆ ಬೆರಳನ್ನು ಅಲ್ಲಿ ಇಡಕೂಡದು. ಸೆಕೆಂಡಿಗೆ ಹದಿನೈದು ಬಾರಿ ಇಳಿಯುವ ಸೂಜಿಗೆ ಡೆನಿಮ್ಮೂ ಬೆರಳೂ ಒಂದೇ.

ಮೊನೆಗೂ ಸೂಜಿಗೂ ನಡುವಣ ಅಂತರವನ್ನೂ ಆಗಲೇ ನೋಡಬೇಕು. ಅದು ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗದಷ್ಟು, ತೆಳುಕಾಗದ ತೂರುವಷ್ಟೆನ್ನಬಹುದು. ಇಲ್ಲಿ ಸೂಜಿಯ ಸಂಖ್ಯೆ ಮುಖ್ಯವಾಗುತ್ತದೆ. 75, 90 ಎಂಬ ಸಂಖ್ಯೆಗಳು ಸೂಜಿಯ ವ್ಯಾಸವನ್ನು ಮಿ.ಮೀ.ನ ನೂರನೆಯ ಭಾಗಗಳಲ್ಲಿ ಹೇಳುತ್ತವೆ. ಬಾಗುವಿಕೆಗೆ ಸರಳು ಒಡ್ಡುವ ಪ್ರತಿರೋಧವು ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾದುದರಿಂದ 90ರ ಸೂಜಿಯು 75ರದಕ್ಕಿಂತ ಇಮ್ಮಡಿ ಗಡುಸು. ದಪ್ಪ ಡೆನಿಮ್ಮಿನ ಮಡಿಕೆಯಲ್ಲಿ ತೆಳು ಸೂಜಿ ಬಾಗಿ ಹುಕ್ಕಿಗೆ ತಗಲಿ ಮುರಿಯುವುದೇಕೆಂದು ಈಗ ತಿಳಿಯಿತಲ್ಲವೆ? ಆದರೆ ದಪ್ಪ ಸೂಜಿ ಹಾಕಿದೊಡನೆ ಅದರ ಮೈಯು ಹುಕ್ಕಿನತ್ತ 0.075 ಮಿ.ಮೀ. ಸರಿಯಬಲ್ಲುದು. ಇರುವ ಅಂತರವೇ ಅಷ್ಟಾದ್ದರಿಂದ ಮತ್ತೆ ಪರೀಕ್ಷಿಸುವುದು ಅವಶ್ಯ.

ದಾರದ ಬಿಗಿತದ ಪ್ರಕರಣವು ಬೇರೆ. ದಾರವನ್ನು ಕಂಬಕ್ಕೆ ಸುತ್ತಿದರೆ ಎರಡು ತುದಿಗಳ ಬಿಗಿತಗಳ ಪ್ರಮಾಣವು ಸುತ್ತಿದ ಕೋನದೊಡನೆ ಘಾತೀಯವಾಗಿ ಬೆಳೆಯುತ್ತದೆ. ಘರ್ಷಣಾಂಕ 0.2 ಆದರೆ ಅರ್ಧ ಸುತ್ತಿಗೆ ಬಿಗಿತ 1.9 ಪಟ್ಟು, ಪೂರ್ಣ ಸುತ್ತಿಗೆ 3.5 ಪಟ್ಟು. ಮೇಲಿನ ದಾರವು ಒಂದು ಕೊಂಡಿಗೆ ಅಕಸ್ಮಾತ್ತಾಗಿ ಒಂದು ಸುತ್ತು ಹೆಚ್ಚು ಬಿದ್ದರೆ ಏಕೆ ಹರಿಯುತ್ತದೆಂಬುದಕ್ಕೆ ಬೇರೆ ವಿವರಣೆ ಬೇಡ. ಬಾಬಿನ್ ದಾರದ ಬಿಗಿತವು 20 ಗ್ರಾಂ ತೂಕದ ಆಸುಪಾಸಿನಲ್ಲಿರಬೇಕು. ಬಾಬಿನ್ ಕೇಸನ್ನು ದಾರದಿಂದ ತೂಗಬಿಟ್ಟರೆ ಅದು ನಿಲ್ಲಬೇಕು. ಮೆಲ್ಲನೆ ಕುಲುಕಿದರೆ ಸ್ವಲ್ಪ ಜಾರಿ ಮತ್ತೆ ನಿಲ್ಲಬೇಕು. ತಾನಾಗಿ ಜಾರಿದರೆ ಸಡಿಲ, ಕುಲುಕಿದರೂ ಕದಲದಿದ್ದರೆ ಬಿಗಿ. ಕೇಸಿನ ಎಲೆಸ್ಪ್ರಿಂಗಿನಡಿ ಒಂದು ಚೂರು ಹತ್ತಿಧೂಳು ಸೇರಿದರೆ ಸ್ಪ್ರಿಂಗು ಮೇಲೆದ್ದು ಬಿಗಿತವು ಕಳೆಯುತ್ತದೆ. ನಿನ್ನೆ ಸರಿಯಿದ್ದುದು ಇಂದು ಕೆಡಲು ಬಹುಮಟ್ಟಿಗೆ ಇದೇ ಕಾರಣ. ಬಟ್ಟೆಯ ಹಿಂಬದಿಯಲ್ಲಿ ಅಗಲವಾದ ಹೊಲಿಗೆಪಟ್ಟಿಯ ನಡುವಣ ಮೂರನೆಯ ಒಂದು ಭಾಗದಲ್ಲಿ ಬಾಬಿನ್ ದಾರ ಕಂಡರೆ ಎರಡು ಬಿಗಿತಗಳೂ ಹೊಂದಿವೆಯೆನ್ನಬೇಕು.

ಹುಕ್ಕಾದರೋ ಪ್ರತಿ ಹೊಲಿಗೆಗೆ ಎರಡು ಸುತ್ತು ಸುತ್ತುತ್ತದೆ; ಅಂದರೆ ಸೆಕೆಂಡಿಗೆ 30 ಸುತ್ತು. ಕೇಂದ್ರದಿಂದ 15 ಮಿ.ಮೀ. ದೂರದಲ್ಲಿ ವೇಗೋತ್ಕರ್ಷವು ಗುರುತ್ವದ 54 ಪಟ್ಟು. ಒಂದು ಹನಿ ಎಣ್ಣೆ ಸಾಕೆಂದು ಕೈಪಿಡಿಯು ಹೇಳುವುದು ಜಿಪುಣತನದಿಂದಲ್ಲ. ಹೆಚ್ಚಾದುದು ಸಿಡಿದು ಬಟ್ಟೆಗೆ ಬೀಳುತ್ತದೆ. ಎಣ್ಣೆಯೇ ಇಲ್ಲದಿದ್ದರೆ ಲೋಹಕ್ಕೆ ಲೋಹ ಉಜ್ಜಿ ಬಿಸಿಯೇರಿ ಹುಕ್ಕು ಸವೆಯುತ್ತದೆ. ಎಣ್ಣೆ ಹಾಕುವ ಮೊದಲು ಧೂಳನ್ನು ಕುಂಚದಿಂದ ತೆಗೆಯಬೇಕು. ಇಲ್ಲವಾದರೆ ಎರಡೂ ಸೇರಿ ಜಿಗುಟಾದ ಕೆಸರಾಗುತ್ತದೆ.

ಹಲವು ಹೆಡ್ಡುಗಳ ಯಂತ್ರದಲ್ಲಿ ದೋಷವನ್ನು ಹುಡುಕುವ ಕ್ರಮಕ್ಕೂ ತರ್ಕವಿದೆ. ಎಲ್ಲ ಹೆಡ್ಡುಗಳೂ ಒಂದೇ ದಂಡದಿಂದ ಓಡುತ್ತವೆ. ಒಂದರಲ್ಲಿ ಮಾತ್ರ ಹೊಲಿಗೆ ತಪ್ಪಿದರೆ ದೋಷವು ಆ ಹೆಡ್ಡಿನ ಸೂಜಿ, ದಾರದ ಹಾದಿ, ಬಾಬಿನ್ ಇಲ್ಲವೆ ಹುಕ್ಕಿನಲ್ಲಿರಬೇಕು. ಎಲ್ಲದರಲ್ಲೂ ತಪ್ಪಿದರೆ ದಂಡ, ಬೆಲ್ಟು, ಫ್ರೇಮಿನ ಚಲನೆಗಳತ್ತ ನೋಡಬೇಕು. ಮೊದಲನೆಯ ಸಂದರ್ಭದಲ್ಲಿ ದಾರವನ್ನು ಮತ್ತೆ ಪೋಣಿಸಿ, ಹೊಸ ಸೂಜಿ ಹಾಕಿ, ಬಾಬಿನ್ ಕೇಸನ್ನು ಒರೆಸಿ ನೋಡಿದ ಮೇಲೂ ದೋಷ ಉಳಿದರೆ ಮಾತ್ರ ಹುಕ್ಕಿನ ಸ್ಕ್ರೂಗಳಿಗೆ ಕೈಹಾಕಬೇಕು. ಹೊಂದಿಸಿದ ನಂತರ ಸೂಜಿತಟ್ಟೆಯನ್ನು ಮುಚ್ಚುವ ಮೊದಲು ದಂಡವನ್ನು ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸಿ, ಎಲ್ಲಿಯೂ ತಗಲದೆಂದು ಕಿವಿಗೊಟ್ಟು ಕೇಳಬೇಕು.