ಕಂಪನವಾಚಿಗಳು ಮತ್ತು ಆಯುಧವಾಚಿಗಳು: ಸಮರೂಪತೆ, ಸಂಬಂಧ, ನಿಘಂಟು

ನಿಘಂಟುಕಾರನಿಗೆ ಎದುರಾಗುವ ತೊಡಕುಗಳಲ್ಲಿ ಸಮರೂಪ ಪದಗಳದು ಬಹು ಹಳೆಯದು. ಒಂದೇ ಅಕ್ಷರರೂಪಕ್ಕೆ ಎರಡು ಅರ್ಥಗಳು ಕಂಡಾಗ ಅದು ಒಂದೇ ಪದದ ಅರ್ಥವಿಸ್ತಾರವೋ, ಅಥವಾ ಬೇರೆ ಬೇರೆ ಮೂಲದ ಎರಡು ಪದಗಳು ಕಾಲಾಂತರದಲ್ಲಿ ಒಂದೇ ರೂಪಕ್ಕೆ ಬಂದು ನಿಂತಿವೆಯೋ ಎಂಬುದನ್ನು ನಿರ್ಧರಿಸಬೇಕಾಗುತ್ತದೆ. ಮೊದಲನೆಯದಾದರೆ ಉಲ್ಲೇಖ ಒಂದೇ. ಎರಡನೆಯದಾದರೆ ಉಲ್ಲೇಖಗಳು ಎರಡು. ಕಿಟೆಲ್ 1894ರ ತಮ್ಮ ನಿಘಂಟಿನಲ್ಲಿ ಇಂತಹ ಪದಗಳಿಗೆ ಕ್ರಮಸಂಖ್ಯೆ ಕೊಟ್ಟು ಬೇರ್ಪಡಿಸಿದರು. ಅಚ್ಚಿನ ನಿಘಂಟುಗಳಿಂದ ಗಣಕದ ಪದಕೋಶಗಳತ್ತ ಸಾಗುತ್ತಿರುವ ಈ ಹೊತ್ತಿನಲ್ಲಿ ಆ ಸಂಖ್ಯೆಗಳ ಬೆಲೆ ಹೆಚ್ಚಿದೆ. ಅಕ್ಷರರೂಪವೊಂದನ್ನೇ ನೆಚ್ಚುವ ಯಂತ್ರಕ್ಕೆ ಎರಡು ಪದಗಳ ನಡುವಿನ ಗೆರೆಯನ್ನು ಮನುಷ್ಯನೇ ಎಳೆದುಕೊಡಬೇಕು.

ಈ ಪ್ರಶ್ನೆಯನ್ನು ಪರೀಕ್ಷಿಸಲು ಕನ್ನಡದ ಕಂಪನವಾಚಿಗಳು ಒಳ್ಳೆಯ ಕ್ಷೇತ್ರ. ನಡುಗು, ಅದಿರು, ಅಲುಗು, ಮಿಡಿ, ಮಿಡುಕು, ತತ್ತರಿಸು, ಕಂಪಿಸು ಮುಂತಾದ ಈ ಕ್ರಿಯಾಪದಗಳ ಗುಂಪಿಗೂ ಬಿಲ್ಲು, ಬಾಣ, ಕತ್ತಿಗಳ ಪದಗಳಿಗೂ ಅಲ್ಲಲ್ಲಿ ಗಂಟು ಬಿದ್ದಿರುವುದು ಗಮನಾರ್ಹ. ಇಂಗ್ಲಿಷಿನಲ್ಲಿ ‘ಕ್ವಿವರ್’ ಎಂಬ ಒಂದೇ ರೂಪಕ್ಕೆ ‘ನಡುಗು’ ಎಂಬ ಅರ್ಥವೂ ‘ಬತ್ತಳಿಕೆ’ ಎಂಬ ಅರ್ಥವೂ ಇವೆ. ಬತ್ತಳಿಕೆಯ ಅರ್ಥದ ಪದ ಜರ್ಮಾನಿಕ್ ಮೂಲದಿಂದ ಹಳೆಯ ಫ್ರೆಂಚಿಗೆ ಹೋಗಿ ಅಲ್ಲಿಂದ ಇಂಗ್ಲಿಷಿಗೆ ಬಂದದ್ದು. ನಡುಗುವ ಅರ್ಥದ ಪದ ಅದಕ್ಕಿಂತ ಬೇರೆಯದು. ಬತ್ತಳಿಕೆಯಲ್ಲಿ ಬಾಣಗಳು ಅಲುಗಾಡುವುದರಿಂದ ಆ ಹೆಸರು ಬಂತೆಂದು ಹೇಳಿದರೆ ಕೇಳಲು ಸೊಗಸೇ. ಆದರೆ ಶಬ್ದಚರಿತ್ರೆ ಅದನ್ನು ಒಪ್ಪುವುದಿಲ್ಲ. ಇಂಥದೇ ಆಕಸ್ಮಿಕ ಕನ್ನಡದಲ್ಲಿಯೂ ಉಂಟು.

‘ಅಲಗು’ ಎಂದರೆ ಕತ್ತಿ, ಬಾಣ, ಈಟಿಗಳ ಹರಿತವಾದ ಲೋಹಭಾಗ. ‘ಅಲುಗು’ ಎಂದರೆ ಕದಲು, ಅಳ್ಳಾಡು. ಆದರೆ ಬಳಕೆಯಲ್ಲಿ ಈ ಭೇದ ಉಳಿದಿಲ್ಲ. ‘ಕತ್ತಿಯ ಅಲುಗು’ ಎಂದು ಬರೆಯುವವರು ಅನೇಕರು. ಆಡುಮಾತಿನಲ್ಲಂತೂ ನಡುವಣ ಸ್ವರ ಬಿದ್ದುಹೋಗಿ ಎರಡೂ ‘ಅಲ್ಗು’ ಆಗಿಬಿಡುತ್ತವೆ. ಹೀಗಾಗಿ ಝಳಪಿಸಿದಾಗ ಅಲುಗುವುದರಿಂದ ಅದು ಅಲುಗು ಎಂಬ ನಿರ್ವಚನ ಸುಲಭವಾಗಿ ನಾಲಗೆಗೆ ಬರುತ್ತದೆ. ತರಗತಿಯಲ್ಲಿ ಇಂತಹ ವಿವರಣೆ ವಿದ್ಯಾರ್ಥಿಗಳಿಗೆ ಬೇಗ ಹಿಡಿಸುತ್ತದೆ ಎಂಬುದೇ ಅದರ ಅಪಾಯ.

ಜ್ಞಾತಿಭಾಷೆಯಾದ ತಮಿಳನ್ನು ನೋಡಿದರೆ ವಿಷಯ ತಿಳಿಯಾಗುತ್ತದೆ. ಅಲ್ಲಿ ಆಯುಧದ ಅಲಗಿಗೆ ‘ಅಲಕು’ ಎಂದೂ ಅಲುಗಾಡುವುದಕ್ಕೆ ‘ಅಲಂಕು’ ಎಂದೂ ಎರಡು ರೂಪಗಳಿವೆ. ವ್ಯತ್ಯಾಸ ಇರುವುದು ಅನುನಾಸಿಕದಲ್ಲಿ. ಧಾತುವಿನ ಮೊದಲ ಅಕ್ಷರವನ್ನು ಬಿಟ್ಟು ಮುಂದೆ ಬರುವ ಇಂತಹ ಅನುನಾಸಿಕವನ್ನು ಕನ್ನಡ ಸಾಮಾನ್ಯವಾಗಿ ಬಿಟ್ಟುಕೊಟ್ಟಿದೆ: ತಮಿಳಿನ ನಡುಂಕು, ತೊಡಂಕು, ಅಡಂಕುಗಳಿಗೆ ಕನ್ನಡದಲ್ಲಿ ನಡುಗು, ತೊಡಗು, ಅಡಗು ಎಂಬ ರೂಪಗಳಿವೆ. ಹಳಗನ್ನಡದಲ್ಲಿ ‘ಅಡಂಗು’ ಎಂಬ ಬಿಂದುಸಹಿತ ರೂಪ ದೊರೆಯುವುದರಿಂದ ಈ ಲೋಪ ಕನ್ನಡದ ಒಳಗೇ ನಡೆದ ಬೆಳವಣಿಗೆ ಎಂಬುದಕ್ಕೆ ಆಧಾರವೂ ಇದೆ. ಇತ್ತ ಅನುನಾಸಿಕವಿಲ್ಲದ ಕಕಾರ ಸ್ವರಗಳ ನಡುವೆ ಗಕಾರವಾಗುವುದೂ ಸಹಜವೇ. ತಮಿಳಿನ ‘ಪೞಕು’ ಕನ್ನಡದಲ್ಲಿ ‘ಪಳಗು’ ಆಗಿರುವಂತೆ. ಎಂದರೆ, ಬೇರೆ ಬೇರೆ ದಾರಿಗಳಲ್ಲಿ ನಡೆದುಬಂದ ಎರಡು ಪದಗಳು ಕನ್ನಡದಲ್ಲಿ ಒಂದೇ ‘-ಗು’ ಕೊನೆಯನ್ನು ಮುಟ್ಟಿವೆ. ತಮಿಳು ಕಾಪಾಡಿಕೊಂಡ ಭೇದವನ್ನು ಕನ್ನಡದ ಧ್ವನಿನಿಯಮ ಅಳಿಸಿಹಾಕಿದೆ. ಆದ್ದರಿಂದ ‘ಅಲುಗು’ ಎಂಬ ರೂಪಕ್ಕೆ ಎರಡು ಉಲ್ಲೇಖಗಳೇ ಬೇಕು. ಆಯುಧದ ಅರ್ಥದ ಉಲ್ಲೇಖದಿಂದ ‘ಅಲಗು’ ನೋಡಿ ಎಂಬ ಸೂಚನೆಯೂ ಇರಬೇಕು.

ಇದೇ ಜಾತಿಯ ಇನ್ನೊಂದು ಜೋಡಿ ‘ಅದಿರು’. ತುಟಿ ಅದಿರುತ್ತದೆ, ನೆಲ ಅದಿರುತ್ತದೆ; ಗಣಿಯಲ್ಲಿ ದೊರೆಯುವುದೂ ಕಬ್ಬಿಣದ ಅದಿರೇ. ಎರಡಕ್ಕೂ ‘ಅದುರು’ ಎಂಬ ರೂಪಾಂತರವಿರುವುದು ಗೊಂದಲವನ್ನು ಇಮ್ಮಡಿಸುತ್ತದೆ. ಅದಿರನ್ನು ಜಾಲಾಡಿ ಸೋಸುವುದರಿಂದ ಆ ಹೆಸರು ಎಂದು ಯಾರಾದರೂ ವಾದಿಸಬಹುದು. ಆದರೆ ಲೋಹವಾಚಿಯಾದ ಅದಿರು ಶುದ್ಧ ನಾಮಪದ. ಕ್ರಿಯೆಯೊಡನೆ ಅದಕ್ಕೆ ಯಾವ ಕೊಂಡಿಯೂ ಪ್ರಯೋಗಗಳಲ್ಲಿ ಕಾಣದು. ಕ್ರಿಯಾವಾಚಿಯಾದ ಅದಿರುವಿಗಾದರೋ ತಮಿಳಿನ ‘ಅತಿರ್’ ಸ್ಪಷ್ಟವಾದ ಜ್ಞಾತಿ. ಅಲ್ಲಿ ಅದಕ್ಕೆ ನಡುಗುವ ಅರ್ಥದ ಜೊತೆಗೆ ಮೊಳಗುವ ಅರ್ಥವೂ ಇದೆ. ನಾದವೂ ನಡುಕವೂ ಒಂದೇ ಪದದಲ್ಲಿ ಕೂಡಿರುವ ಈ ಸಂಗತಿ ಮುಂದಿನ ವಿವೇಚನೆಗೆ ಮುಖ್ಯ.

ಏಕೆಂದರೆ ಕಂಪನಕ್ಕೂ ಆಯುಧಕ್ಕೂ ನಿಜವಾದ ಸಂಬಂಧ ಏರ್ಪಡುವ ಒಂದು ಎಡೆಯಿದೆ. ಅದು ಬಿಲ್ಲಿನ ಹೆದೆ. ಹೆದೆಗೆ ಕನ್ನಡದಲ್ಲಿರುವ ಪದಸಂಪತ್ತು ಸಣ್ಣದಲ್ಲ. ಹೆದೆ, ತಿರು, ನಾರಿ, ಜೇ ಎಂಬವು ಕಾವ್ಯಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಇವುಗಳಲ್ಲಿ ‘ನಾರಿ’ಯನ್ನು ಸ್ತ್ರೀವಾಚಿಯಾದ ಸಂಸ್ಕೃತ ಪದದಿಂದ ಬೇರ್ಪಡಿಸಿ ‘ನಾರು’ ಎಂಬುದರ ಜೊತೆಗಿಟ್ಟು ನೋಡಬೇಕು. ತಮಿಳಿನಲ್ಲಿಯೂ ಹೆದೆಗೆ ನಾರಿ ಎಂಬ ಹೆಸರಿದೆ. ಸಂಸ್ಕೃತದ ‘ಮೌರ್ವೀ’ ಕೂಡ ಮೂರ್ವಾ ಎಂಬ ಸಸ್ಯದ ನಾರಿನಿಂದ ಬಂದ ಹೆಸರು. ಹೀಗೆ ಕೆಲವು ಹೆಸರುಗಳು ಹೆದೆಯನ್ನು ಮಾಡಿದ ವಸ್ತುವನ್ನು ಹೇಳುತ್ತವೆ. ಇನ್ನು ಕೆಲವು ಅದು ಹೊರಡಿಸುವ ನಾದವನ್ನು ಹೇಳುತ್ತವೆ: ಅಮರಕೋಶ ಮೌರ್ವೀ, ಜ್ಯಾ, ಗುಣಗಳ ಜೊತೆಗೆ ಹೇಳುವ ‘ಶಿಂಜಿನೀ’ ಎಂಬುದು ಝಣಝಣಿಸುವ ಅರ್ಥದ ಧಾತುವಿನಿಂದಾದದ್ದು. ಅದೇ ಕೋಶ ಬಿಲ್ಲಿನ ನಾದಕ್ಕೆ ಕೊಡುವ ಹೆಸರು ‘ವಿಸ್ಫಾರ’. ‘ಸ್ಫುರ್’ ಎಂಬ ಧಾತುವಿನ ಬಳಗಕ್ಕೆ ಸೇರಿದ ಈ ಪದದಲ್ಲಿ ಅದಿರುವುದು, ಮಿಡಿಯುವುದು ಎಂಬ ಅರ್ಥವೇ ಮೂಲ. ಕಣ್ಣು ತುಟಿಗಳು ಸ್ಫುರಿಸುತ್ತವೆ ಎನ್ನುವಾಗ ಇರುವುದೂ ಅದೇ. ಹೆದೆ ಅದಿರಿದ್ದರಿಂದಲೇ ನಾದ. ನಾದದ ಹೆಸರು ಕಂಪನದ ಹೆಸರೇ. ಬಿಟ್ಟ ಹೆದೆಯ ಹೊಡೆತ ಎಷ್ಟು ಬಿರುಸಾಗಿತ್ತೆಂಬುದಕ್ಕೆ, ಅದನ್ನು ತಡೆಯಲು ಬಿಲ್ಲುಗಾರ ಕಟ್ಟಿಕೊಳ್ಳುತ್ತಿದ್ದ ಪಟ್ಟಿಗೆ ಗೋಧಾ, ತಲ ಎಂಬ ಪ್ರತ್ಯೇಕ ಹೆಸರುಗಳಿರುವುದೇ ಸಾಕ್ಷಿ.

ಕನ್ನಡದ ‘ಜೇವೊಡೆ’ಯೂ ಇಲ್ಲಿಗೇ ಸೇರಿದ್ದು. ಜ್ಯಾ ಎಂಬುದರ ತದ್ಭವ ಜೇ. ಅದಕ್ಕೆ ಪೊಡೆ ಸೇರಿ, ಪಕಾರಕ್ಕೆ ವಕಾರ ಬಂದು ಜೇವೊಡೆ. ಹೆದೆಯನ್ನು ಮಿಡಿದು ಸದ್ದುಮಾಡುವುದೆಂದು ಅರ್ಥ. ಬಾಣವನ್ನು ಎಸುವುದಕ್ಕಿಂತ ಮೊದಲೇ ಶತ್ರುವಿನ ಎದೆಯನ್ನು ನಡುಗಿಸುವ ಕ್ರಿಯೆ ಇದಾದ್ದರಿಂದ ಯುದ್ಧವರ್ಣನೆಗಳಲ್ಲಿ ಇದಕ್ಕೆ ವಿಶೇಷ ಸ್ಥಾನ. (ಅದೇ ಜ್ಯಾ ಇಂದು ಶಾಲೆಯ ರೇಖಾಗಣಿತದಲ್ಲಿ ವೃತ್ತದೊಳಗಿನ ಅಲುಗದ ಗೆರೆಯಾಗಿ ಉಳಿದಿರುವುದು ಪದಗಳ ಭಾಗ್ಯವಿಪರ್ಯಾಸ.)

ದೇಶೀಯವಾದ ‘ಮಿಡಿ’ ಇವೆಲ್ಲಕ್ಕಿಂತ ಹೆಚ್ಚು ಬೆಳೆದ ಪದ. ಬೆರಳ ತುದಿಯಿಂದ ಎಳೆದು ಥಟ್ಟನೆ ಬಿಡುವುದು ಇದರ ಮೂಲಾರ್ಥವೆನ್ನಬಹುದು. ನಾಣ್ಯವನ್ನು ಮಿಡಿಯುತ್ತಾರೆ, ತಂತಿಯನ್ನು ಮಿಡಿಯುತ್ತಾರೆ. ಕಾವ್ಯಗಳ ವೀರರು ಬಿಲ್ಲನ್ನು ಮಿಡಿಯುತ್ತಾರೆ. ಕಂಬನಿ ಮಿಡಿಯುವುದರಲ್ಲಿಯೂ ಥಟ್ಟನೆ ಚಿಮ್ಮುವ ಅಂಶವಿದೆ. ಹಾರುವ ಮಿಡತೆಯನ್ನೂ ಈ ಬಳಗಕ್ಕೆ ಸೇರಿಸಲು ಅರ್ಥದ ಅಡ್ಡಿಯಿಲ್ಲ. ಆದರೆ ಮಾವಿನ ಮಿಡಿಯನ್ನು ಇದರೊಳಕ್ಕೆ ಎಳೆದುತರುವುದು ಸಲ್ಲದು. ಎಳೆತನಕ್ಕೂ ಚಿಮ್ಮುವುದಕ್ಕೂ ನಡುವೆ ಅರ್ಥದ ಮೆಟ್ಟಿಲುಗಳಿಲ್ಲ. ಬಿಲ್ಲನ್ನು ಮಿಡಿಯುವುದಕ್ಕೂ ನಾಡಿಯ ಮಿಡಿತಕ್ಕೂ ನಡುವೆ ಅವು ಇವೆ. ಮಿಡಿದ ಹೆದೆ ತಾನೇ ಮಿಡಿಯುತ್ತದೆ: ಸಕರ್ಮಕವಾದದ್ದು ಅಕರ್ಮಕವಾಗಿ, ಕೈಯ ಕೆಲಸವಾಗಿದ್ದದ್ದು ತಂತಿಯ ಗುಣವಾಗಿ, ಕೊನೆಗೆ ನಾಡಿಗೂ ಹೃದಯಕ್ಕೂ ಸಲ್ಲುತ್ತದೆ. ‘ಮಿಡುಕು’ ಎಂಬ ಪದದಲ್ಲಿ ಈ ಒಳಗಿನ ಚಲನೆ ಸಂಕಟದ ಅರ್ಥವನ್ನೂ ಪಡೆದಿದೆ. ಇವೆಲ್ಲವನ್ನೂ ಒಂದೇ ಉಲ್ಲೇಖದ ಕೆಳಗೆ, ಈ ಅನುಕ್ರಮದಲ್ಲಿಯೇ ಕೊಡುವುದು ಯುಕ್ತ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಹಕಾರ ಬಿಟ್ಟು ನುಡಿಯುವ ಪ್ರದೇಶಗಳಲ್ಲಿ ಹೆದೆಯೂ ಎದೆಯೂ ಒಂದೇ ಬಗೆಯಾಗಿ ಕೇಳಿಸುತ್ತವೆ. ಹೆದೆ ಮಿಡಿಯುವುದೇ ಎದೆ ಮಿಡಿಯುವುದಾಯಿತೆಂದು ಉಚ್ಚಾರಣೆಯ ಆಧಾರದಿಂದ ಹೇಳಿದರೆ ತಪ್ಪಾಗುತ್ತದೆ. ಎದೆಯ ಹಳಗನ್ನಡ ರೂಪ ‘ಎರ್ದೆ’. ಅದರಲ್ಲಿನ ರೇಫೆಯೇ ಈ ವಾದವನ್ನು ತಡೆಯುತ್ತದೆ. ಸಂಬಂಧ ಇರುವುದು ಮಿಡಿಯುವ ಕ್ರಿಯೆಯಲ್ಲಿಯೇ ಹೊರತು ಮಿಡಿಯುವ ವಸ್ತುಗಳ ಹೆಸರಿನಲ್ಲಲ್ಲ.

ಬತ್ತಳಿಕೆಗಿರುವ ‘ದೊಣೆ’ ಎಂಬ ಹೆಸರಿನ ಬಗೆಗೂ ಒಂದು ಮಾತು ಹೇಳಬಹುದು. ಬಂಡೆಯ ಮೇಲಿನ ನೀರಿನ ಕುಳಿಯೂ ದೊಣೆಯೇ. ಟೊಳ್ಳಾಗಿ ಏನನ್ನಾದರೂ ಹಿಡಿದಿಡುವಂಥದು ಎಂಬ ಅರ್ಥ ಎರಡಕ್ಕೂ ಹೊಂದುವುದರಿಂದ ಇವನ್ನು ಒಂದೇ ಪದದ ಎರಡು ಬಳಕೆಗಳೆನ್ನಬಹುದು. ಅಕ್ಷಯವಾದ ಬತ್ತಳಿಕೆಯನ್ನು ಪಂಪ ‘ತವದೊಣೆ’ ಎಂದಾಗ, ಬತ್ತದ ನೀರಿನ ದೊಣೆಯ ನೆನಪು ಕನ್ನಡ ಕಿವಿಗೆ ಬರದಿರಲಾರದು.

ಇನ್ನು ಕಂಪನ ಬಿಲ್ಲಿನಿಂದ ಬಿಲ್ಲುಗಾರನ ಮೈಗೆ ದಾಟುವ ಸಂದರ್ಭ. ಅಲಂಕಾರಶಾಸ್ತ್ರದ ಎಂಟು ಸಾತ್ತ್ವಿಕ ಭಾವಗಳಲ್ಲಿ ನಡುಕಕ್ಕೆ ‘ವೇಪಥು’ ಎಂದು ಹೆಸರು. ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನ ತನ್ನ ಮೈಗೆ ಬಂದ ವೇಪಥುವನ್ನು ಹೇಳಿದ ಬೆನ್ನಿಗೇ ಗಾಂಡೀವ ಕೈಯಿಂದ ಜಾರುತ್ತಿದೆ ಎನ್ನುತ್ತಾನೆ. ಮಿಡಿಯಬೇಕಾದ ಹೆದೆ ಸುಮ್ಮನಿದೆ, ಮಿಡಿಸಬೇಕಾದವನು ನಡುಗುತ್ತಿದ್ದಾನೆ. ಈ ನಡುಕ ಕೇವಲ ಭಯವಲ್ಲ. ತನ್ನವರನ್ನು ಕಂಡು ಹುಟ್ಟಿದ ಮರುಕ. ಮರುಕಕ್ಕೆ ಸಂಸ್ಕೃತದಲ್ಲಿರುವ ‘ಅನುಕಂಪ’ದೊಳಗೂ ಕಂಪನವೇ ಇದೆ: ಇನ್ನೊಬ್ಬರನ್ನು ಅನುಸರಿಸಿ ನಡುಗುವುದು. ಕನ್ನಡ ನಿಘಂಟುಗಳು ಅನುಕಂಪಕ್ಕೆ ದಯೆ, ಕನಿಕರ ಎಂದಷ್ಟೇ ಅರ್ಥ ಬರೆದು ಮುಂದೆ ಸಾಗುವುದಕ್ಕಿಂತ, ‘ಇನ್ನೊಬ್ಬರ ನೋವಿಗೆ ಮಿಡಿಯುವುದು’ ಎಂಬ ವಿವರಣೆಯನ್ನೂ ಸೇರಿಸಿದರೆ ಧಾತ್ವರ್ಥಕ್ಕೂ ದೇಶೀ ಬಳಕೆಗೂ ಒಟ್ಟಿಗೇ ನ್ಯಾಯ ದೊರಕುತ್ತದೆ.